ಮನೆ ಬದಲಿಸುವಾಗ ಹಳೆಯ ಸಾಮಾನುಗಳನ್ನು ಎಸೆಯದೆ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಹಾಸನದಿಂದ ಒಬ್ಬ ಗೃಹಿಣಿ):
ಮಾನ್ಯರೇ, ಹಾಸನದಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ ಹತ್ತಿರ ಬಂದಿದೆ. ಹಳೆಯ ಮನೆಯಲ್ಲಿ ಓಡದ ಮಿಕ್ಸಿ, ನಿಧಾನವಾಗಿ ತಿರುಗುವ ಫ್ಯಾನು, ಗಂಟುಗಟ್ಟಿದ ಹತ್ತಿಯ ಹಾಸಿಗೆಗಳು ಮತ್ತು ಬಹಳ ಹಳೆಯದಾದ ಒಂದು ಫ್ರಿಜ್ ಇವೆ. ಎಲ್ಲವನ್ನೂ ಗುಜರಿಗೆ ಹಾಕಿ ಹೊಸದನ್ನು ತರೋಣವೆಂದು ಮನೆಯವರು ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇವುಗಳಲ್ಲಿ ಯಾವುದು ರಿಪೇರಿಗೆ ಯೋಗ್ಯ? ಸಮಾರಂಭದ ಊಟವನ್ನು ಬಳಸಿ ಎಸೆಯುವ ಲೋಟಗಳಿಲ್ಲದೆ ನಡೆಸಬಹುದೇ?

ಉತ್ತರ 1 (ಚಿಕ್ಕಮಗಳೂರು, ರಿಪೇರಿ ಕೆಲಸದವರು):
ಅಮ್ಮಾ, ಮಿಕ್ಸಿಯನ್ನು ಗುಜರಿಗೆ ಹಾಕುವ ಮೊದಲು ಅದರ ತಳದಲ್ಲಿರುವ ಕೆಂಪು ಗುಂಡಿಯನ್ನು ಒತ್ತಿ ನೋಡಿ, ಏಕೆಂದರೆ ಹೊರೆ ಹೆಚ್ಚಾದಾಗ ಮೋಟರ್ ಸುಡದಂತೆ ವಿದ್ಯುತ್ತನ್ನು ಕಡಿಯುವ ಸ್ವಿಚ್ ಅದೇ. ಆಗಲೂ ಓಡದಿದ್ದರೆ ಕಾರ್ಬನ್ ಬ್ರಷ್ (ಮೋಟರ್‌ನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಸಣ್ಣ ತುಂಡು) ಸವೆದಿರಬಹುದು. ಮೋಟರ್ ತಿರುಗಿದರೂ ಜಾರ್ ತಿರುಗದಿದ್ದರೆ, ಜಾರನ್ನು ಮೋಟರಿಗೆ ಜೋಡಿಸುವ ಕಪ್ಲರ್‌ನ ಹಲ್ಲು ಹೋಗಿರುತ್ತದೆ. ಇವೆರಡೂ ಸಣ್ಣ ಬೆಲೆಯ ಬಿಡಿಭಾಗಗಳು. ಸುಟ್ಟ ವಾಸನೆ ಬಂದಿದ್ದರೆ ಮಾತ್ರ ವೈಂಡಿಂಗ್‌ನ (ಮೋಟರ್‌ನ ತಂತಿಯ ಸುರುಳಿಯನ್ನು ಹೊಸದಾಗಿ ಸುತ್ತಿಸುವ) ಖರ್ಚನ್ನು ಹೊಸ ಮಿಕ್ಸಿಯ ಬೆಲೆಯೊಂದಿಗೆ ತೂಗಿ ನೋಡಬೇಕಾಗುತ್ತದೆ. ಫ್ಯಾನು ನಿಧಾನವಾಗುವುದಕ್ಕೆ ಹೆಚ್ಚಾಗಿ ದುರ್ಬಲವಾದ ಕೆಪಾಸಿಟರ್ (ಮೋಟರ್ ತಿರುಗಲು ನೆರವಾಗುವ ಸಣ್ಣ ಬಿಡಿಭಾಗ) ಕಾರಣ, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ನದನ್ನು ಹಾಕುತ್ತಾರೆ, ಆದರೆ ಹಳೆಯದರ ಮೇಲಿನ ಅಂಕಿಯನ್ನು ಓದಿಯೇ ತರಬೇಕು. ದುರಸ್ತಿಯಾದರೆ ಇವೆರಡೂ ಇನ್ನೂ ಹಲವು ವರ್ಷ ಬಾಳುತ್ತವೆ.

ಉತ್ತರ 2 (ಬೇಲೂರು):
ಹಾಸಿಗೆಗಳನ್ನು ಖಂಡಿತ ಎಸೆಯಬೇಡಿ. ಹತ್ತಿಯನ್ನು ಬಿಸಿಲಿಗೆ ಹರಡಿ, ಮತ್ತೆ ಹಿಂಜಿಸಿ, ಹೊಸ ಬಟ್ಟೆಗೆ ತುಂಬಿಸಿ ಹೊಲಿಸಿದರೆ ಮೆತ್ತನೆಯ ಗುಣ ಮರಳುತ್ತದೆ. ಹತ್ತಿ ಕಡಿಮೆಯಾಗಿದ್ದರೆ ಎರಡು ಹಾಸಿಗೆಯದನ್ನು ಸೇರಿಸಿ ಒಂದು ಮಾಡಿಸಬಹುದು. ಫೋಮ್ ಹಾಸಿಗೆಗೆ ಈ ಅನುಕೂಲವಿಲ್ಲ, ಹಾಳಾದರೆ ಅದು ಕಸಕ್ಕೇ ಹೋಗುತ್ತದೆ. ಊಟಕ್ಕೆ ಬಾಳೆಎಲೆ ಇದ್ದೇ ಇದೆ. ಸ್ಟೀಲಿನ ಲೋಟ, ನೀರಿನ ಕ್ಯಾನು, ಕಾಫಿಯ ಫ್ಲಾಸ್ಕ್‌ಗಳನ್ನು ಶಾಮಿಯಾನ ಅಂಗಡಿಯಿಂದ ಬಾಡಿಗೆಗೆ ತಂದು, ತೊಳೆಯುವವರಿಗೆ ಮೊದಲೇ ಹೇಳಿಟ್ಟರೆ ಸಾಕು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು 2022ರ ಜುಲೈ 1ರಿಂದಲೇ ದೇಶದಾದ್ಯಂತ ನಿಷಿದ್ಧವಾಗಿವೆ. ಕಾಗದದ ಲೋಟವೂ ಸುಲಭವಾಗಿ ಕೊಳೆಯುವುದಿಲ್ಲ, ಒಳಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರವಿರುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದಗಳು. ಫ್ರಿಜ್ ಬಗ್ಗೆ ಯಾರಾದರೂ ತಿಳಿಸುವಿರಾ?

ಉತ್ತರ 3 (ಸಕಲೇಶಪುರ):
ಎಲ್ಲವನ್ನೂ ರಿಪೇರಿ ಮಾಡಿಸಬೇಕೆಂಬ ಹಟವೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಫ್ರಿಜ್‌ನ ಬಾಗಿಲಿನ ರಬ್ಬರ್ ಅಥವಾ ತಂಪನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಹೋಗಿದ್ದರೆ ಸರಿಪಡಿಸಿ. ತಂಪು ಮಾಡುವ ಅನಿಲವನ್ನು ಒತ್ತಿ ಹರಿಸುವ ಕಂಪ್ರೆಸರ್ ಕೈಕೊಟ್ಟಿದ್ದರೆ, ಅದೂ ಹಳೆಯ ಫ್ರಿಜ್ ವಿದ್ಯುತ್ತನ್ನು ಹೆಚ್ಚು ಎಳೆಯುವುದರಿಂದ, ಬೀಳ್ಕೊಡುವುದೇ ವಾಸಿ. ಆದರೆ ಬೀದಿಯ ಗುಜರಿಯವರಿಗೆ ಕೊಡಬೇಡಿ. ಅವರು ಪೈಪು ಕತ್ತರಿಸಿ ತಾಮ್ರ ತೆಗೆಯುವಾಗ ಒಳಗಿನ ಆ ಅನಿಲ ಗಾಳಿಗೆ ಸೇರುತ್ತದೆ. ಅನೇಕ ಫ್ರಿಜ್‌ಗಳಲ್ಲಿರುವ ಆರ್-134ಎ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಶಾಖವನ್ನು ಹಿಡಿದಿಡುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ಹಳೆಯ ವಿದ್ಯುತ್ ಉಪಕರಣಗಳ ಕಸ) ನಿಯಮಗಳ ವ್ಯಾಪ್ತಿಗೆ ಫ್ರಿಜ್ ಕೂಡ ಸೇರಿದ್ದು, ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಆದ್ದರಿಂದ ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ, ಹಿಂದಿರುಗಿಸುವ ವ್ಯವಸ್ಥೆಯನ್ನು ವಿಚಾರಿಸಿಕೊಳ್ಳಿ. ಹೊಸದನ್ನು ಕೊಳ್ಳುವಾಗಲೂ ಹಳೆಯದನ್ನು ವಿನಿಮಯಕ್ಕೆ ಪಡೆದು ಎಲ್ಲಿಗೆ ಕಳುಹಿಸುತ್ತಾರೆಂದು ಅಂಗಡಿಯವರನ್ನು ಕೇಳಿಯೇ ಹಣ ಕೊಡಿ.