ಕೂದಲು ಬರಿಸುತ್ತದೆ ಎನ್ನುವ ಪಿಪಿ405 ಪುಡಿ ತರಿಸಿ ತಲೆಗೆ ಹಚ್ಚಿದವರು ಯಾರಾದರೂ ಇದ್ದೀರಾ? ಅನುಭವ ಹೇಳಿ

ಬದಿಯಡ್ಕ_27:
ವಯಸ್ಸು 27. ನಡುನೆತ್ತಿ ತೆಳ್ಳಗಾಗಿದೆ, ಹಣೆ ಎರಡೂ ಬದಿಯಿಂದ ಹಿಂದೆ ಸರಿಯುತ್ತಿದೆ. ಅಪ್ಪ, ಸೋದರಮಾವ ಇಬ್ಬರೂ ಬೋಳು. ಒಂದು ವರ್ಷದಿಂದ 5% ಮಿನಾಕ್ಸಿಡಿಲ್ ಹಚ್ಚುತ್ತಿದ್ದೇನೆ. ಉದುರುವುದು ಕಡಿಮೆಯಾಗಿದೆ, ಹೊಸದು ಬಂದಿಲ್ಲ. ಕೂದಲಿನ ಮಾತ್ರೆ ಫಿನಾಸ್ಟರೈಡ್ ನುಂಗಿದರೆ ಲೈಂಗಿಕ ಆಸಕ್ತಿ ಕುಗ್ಗಬಹುದು ಎನ್ನುತ್ತಾರೆ, ಮನೆಯಲ್ಲಿ ಹುಡುಗಿ ನೋಡುತ್ತಿದ್ದಾರೆ, ಅದಕ್ಕೆ ಹೆದರಿಕೆ. ಅಮೆರಿಕದಲ್ಲಿ ಪರೀಕ್ಷೆ ನಡೆಯುತ್ತಿರುವ ಪಿಪಿ405 ಜೆಲ್ ಬಗ್ಗೆ ಓದಿದೆ. ಅದೇ ಮದ್ದಿನ ಪುಡಿ ಎಂದು ಟೆಲಿಗ್ರಾಂನಲ್ಲಿ ಒಬ್ಬ 18,500 ರೂಪಾಯಿಗೆ ಕೊಡುತ್ತೇನೆ ಎನ್ನುತ್ತಾನೆ. ತರಿಸಲಾ, ಕಾಯಲಾ?

ಉಪ್ಪಳ_ಶಾರ್ಜಾ:
ತಮ್ಮಾ, ಕಾಯುವುದು ಎಂದರೆ ಎಂತ ಅಂತ ನನ್ನ ಹತ್ತಿರ ಕೇಳು. ಮೊದಲು ಮಂಗಳೂರಿನಲ್ಲಿ ಪಿಆರ್‌ಪಿ ಮಾಡಿಸಿದೆ. ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ತಲೆಗೆ ಚುಚ್ಚುತ್ತಾರಲ್ಲ, ಅದೇ. ಆರು ಸಲ, ಸಲಕ್ಕೆ 5,500, ಒಟ್ಟು 33,000. ಏನೂ ಆಗಲಿಲ್ಲ. ಆಮೇಲೆ ಕಸಿ. 2,800 ಗ್ರಾಫ್ಟ್ (ಕಿತ್ತು ನೆಡುವ ಕೂದಲಿನ ಬೇರು), ಒಂದಕ್ಕೆ 40 ರೂಪಾಯಿಯಂತೆ 1,12,000. ಮದ್ದು 6,300. ಎರಡು ದಿನದ ರೂಮು 4,800. ತಲೆಗೆ ಪಟ್ಟಿ ಕಟ್ಟಿಕೊಂಡು ಬಸ್ಸಿನಲ್ಲಿ ಬರಲಿಕ್ಕೆ ಆಗುವುದಿಲ್ಲವಲ್ಲ, ಕಾರಿಗೆ 3,200. ಕೂಡಿಸಿದರೆ 1,59,300. ಇದರಲ್ಲಿ ನನ್ನ ರಜೆಯ ಸಂಬಳ ಸೇರಿಲ್ಲ.

ಈಗಿನ ಕತೆ ಕೇಳು. ಎದುರಿಗೆ ನೆಟ್ಟದ್ದು ಚೆನ್ನಾಗಿ ಬಂತು. ಅದರ ಹಿಂದಿದ್ದ ನನ್ನ ಸ್ವಂತ ಕೂದಲು ಉದುರಿಹೋಯಿತು. ಕಸಿ ಮಾಡಿಸಿದರೂ ಮದ್ದು ಬಿಡಬಾರದು ಅಂತ ನನಗೆ ಯಾರೂ ಹೇಳಲಿಲ್ಲ. ಈಗ ಎದುರು ಒಂದು ಬೇಲಿ, ಹಿಂದೆ ಖಾಲಿ ಗದ್ದೆ. ಟೊಪ್ಪಿ ತೆಗೆಯುವುದಿಲ್ಲ.

ಮಂಜೇಶ್ವರ_ಮಾಸ್ತರ್:
ಇಷ್ಟು ಲೆಕ್ಕ ಇಡುವ ಬದಲು ಬೋಳಿಸಿಕೊಂಡಿದ್ದರೆ ಮುಗಿಯುತ್ತಿತ್ತು. ನಾನೂ ಹಿಂದೆ ನೀಲಿಭೃಂಗಾದಿ ಎಣ್ಣೆ ಹಚ್ಚಿ ಹಚ್ಚಿ ದಿಂಬಿನ ಕವರನ್ನೆಲ್ಲ ಕಪ್ಪು ಮಾಡಿದವನೇ. 2009ರಲ್ಲಿ ಒಂದು ಶನಿವಾರ ಕ್ಷೌರದಂಗಡಿಗೆ ಹೋಗಿ ಎಲ್ಲ ತೆಗೆಸಿದೆ. ಸೋಮವಾರ ಕ್ಲಾಸಿನಲ್ಲಿ ಹುಡುಗರು ನಕ್ಕರು. ಮಂಗಳವಾರ ಮರೆತರು. ಈಗ ಕ್ಷೌರಕ್ಕೆ 80 ರೂಪಾಯಿ, ಅಷ್ಟೇ ಖರ್ಚು.

ಉಪ್ಪಳ_ಶಾರ್ಜಾ:
ಮಾಸ್ತ್ರೇ, ನಿಮಗೆ ಆಗಲೇ ಮದುವೆಯಾಗಿತ್ತು. ಹುಡುಗಿ ಮನೆಯವರು ಫೋಟೋ ನೋಡಿ ವಾಪಸ್ ಕಳಿಸಿದ ಮೇಲೆ ಮಾತಾಡಿ.

ಕುಂಬಳೆ_ಮೆಡಿಕಲ್:
ನಾನು ಮದ್ದಿನ ಅಂಗಡಿಯವ, ಡಾಕ್ಟರಲ್ಲ. ಪಿಪಿ405 ಸುಳ್ಳಲ್ಲ. ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದವರು 2017ರಲ್ಲಿ ಇಲಿಗಳಲ್ಲಿ ಕಂಡದ್ದು ಅದರ ಮೂಲ. ಕೂದಲಿನ ಬೇರಿನ ಕಾಂಡಕೋಶ (ಸ್ಟೆಮ್ ಸೆಲ್) ಮಲಗಿರುತ್ತದೆ. ಸಕ್ಕರೆ ಒಡೆದಾಗ ಬರುವ ಪೈರುವೇಟ್, ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾದ ಒಳಗೆ ಹೋಗದಂತೆ ತಡೆದರೆ ಅದು ಲ್ಯಾಕ್ಟೇಟ್ ಎಂಬ ವಸ್ತುವಾಗಿ, ಅದು ಜಾಸ್ತಿಯಾಗಿ ಕೋಶ ಏಳುತ್ತದೆ, ಇದು ಲೆಕ್ಕಾಚಾರ. 2025ರಲ್ಲಿ ಮದ್ದಿನ ಕಂಪನಿಯವರು ಜನರ ಮೇಲಿನ ಪರೀಕ್ಷೆಯ ಎರಡನೇ ಹಂತದ ಮೊದಲ ಭಾಗದ ಫಲಿತಾಂಶ ಹೇಳಿದರು. ಇದ್ದದ್ದು 78 ಜನ. ಜಾಸ್ತಿ ಕೂದಲು ಹೋಗಿದ್ದ ಗಂಡಸರಲ್ಲಿ 31% ಮಂದಿಗೆ 8 ವಾರದಲ್ಲಿ ಕೂದಲಿನ ದಟ್ಟಣೆ 20%ಕ್ಕಿಂತ ಹೆಚ್ಚಾಯಿತು. ಮದ್ದಿಲ್ಲದ ಬರೀ ಜೆಲ್ ಹಚ್ಚಿದವರಲ್ಲಿ ಒಬ್ಬರಿಗೂ ಅಷ್ಟು ಆಗಲಿಲ್ಲ. ಒಳ್ಳೆಯ ಸುದ್ದಿಯೇ. ಆದರೆ 100ರಲ್ಲಿ 69 ಮಂದಿಗೆ ಆ ಮಟ್ಟಕ್ಕೆ ಬರಲಿಲ್ಲ ಅಂತಲೂ ಓದಬಹುದು, ಅಲ್ವಾ? 8 ವಾರ ನೋಡಿ ಎರಡು ವರ್ಷದ ಮೇಲೆ ಏನಾಗುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ.

ಇನ್ನು ಟೆಲಿಗ್ರಾಂ ಪುಡಿ. ಪೊಟ್ಟಣದೊಳಗೆ ಮೈದಾ ಇದೆಯೋ ಇನ್ನೇನಿದೆಯೋ, ಕಣ್ಣಿಗೆ ಗೊತ್ತಾಗುವುದಿಲ್ಲ ಮಾರಾಯ.

ನೀರ್ಚಾಲು_ಬೈಕ್:
ಮಿನಾಕ್ಸಿಡಿಲ್ಲೂ ಮೊದಲು ಪ್ರಯೋಗವೇ ಆಗಿತ್ತಲ್ಲ? ಬಿಪಿ ಮಾತ್ರೆ ತಿಂದವರಿಗೆ ಮೈತುಂಬ ಕೂದಲು ಬಂತು, ಅದನ್ನೇ 1988ರಲ್ಲಿ ತಲೆಗೆ ಹಚ್ಚಲು ಬಿಟ್ಟರು. ಯಾರಾದರೂ ಮೊದಲು ಧೈರ್ಯ ಮಾಡಲೇಬೇಕು.

ಭಾವನ_ತಕ್ಕಡಿ:
ಆ ಧೈರ್ಯ ನಾನು ಮಾಡಿದ್ದೇನೆ. ಪಿಪಿ405 ಅಲ್ಲ, ಅದಕ್ಕಿಂತ ಮೊದಲು ಎಲ್ಲರೂ ಕಾಯುತ್ತಿದ್ದ ಪಿರಿಲುಟಮೈಡ್. 22,000 ಕೊಟ್ಟು ಪುಡಿ ತರಿಸಿದೆ. ಪರೀಕ್ಷೆಯಲ್ಲಿ ಬಳಸಿದ್ದು 0.5%. ಅಂದರೆ 60 ಮಿಲಿಗೆ 300 ಮಿಲಿಗ್ರಾಂ. ಅಷ್ಟು ಸಣ್ಣ ತೂಕ ಅಡುಗೆಮನೆಯ ತಕ್ಕಡಿಯಲ್ಲಿ ಬರುವುದಿಲ್ಲ. ಭಾವನಿಗೆ ಚಿನ್ನದ ಅಂಗಡಿ ಇದೆ. ರಾತ್ರಿ ಶಟರ್ ಅರ್ಧ ಇಳಿಸಿ, ಫ್ಯಾನ್ ನಿಲ್ಲಿಸಿ, ಮೂಗುತಿ ತೂಗುವ ಗಾಜಿನ ಪೆಟ್ಟಿಗೆಯಲ್ಲಿ ಬಿಳಿ ಪುಡಿ ತೂಗಿದೆವು. ಉಸಿರು ಬಿಟ್ಟರೆ ಅಂಕಿ ಓಡುತ್ತಿತ್ತು. ಬೀದಿಯಲ್ಲಿ ಹೋಗುವವರು ಏನೆಂದುಕೊಂಡರೋ.

ಎರಡನೇ ವಾರ ಕಿವಿಯ ಮೇಲೆ ಗುಳ್ಳೆ. ಹಚ್ಚುವುದು ನಿಲ್ಲಿಸಲಿಲ್ಲ, ದುಡ್ಡು ಹೋಗಿತ್ತಲ್ಲ. ಮುಕ್ಕಾಲು ಬಾಟಲಿ ಮುಗಿಯುವಾಗ 2023ರ ನವೆಂಬರ್‌ನಲ್ಲಿ ಸುದ್ದಿ ಬಂತು, ಚೀನಾದಲ್ಲಿ ಮೂರನೇ ಹಂತದ ಪರೀಕ್ಷೆ ಗುರಿ ಮುಟ್ಟಲಿಲ್ಲ ಅಂತ. ಉಳಿದ ಕಾಲು ಬಾಟಲಿ ಇನ್ನೂ ಫ್ರಿಜ್ಜಿನಲ್ಲಿದೆ. ಬಿಸಾಡಲು ಮನಸ್ಸಿಲ್ಲ.

ಮುಳ್ಳೇರಿಯ_ಕೃಷಿ:
ನನ್ನದು ಮೂರು ಕ್ವಿಂಟಲ್ ಅಡಿಕೆ. ಕಿಲೋಗೆ 400ರಂತೆ ಮಾರಿ 1,20,000 ತೆಗೆದುಕೊಂಡು ಒಂದು ಕ್ಲಿನಿಕ್ಕಿಗೆ ಹೋದೆ. ಊರು ಹೇಳುವುದಿಲ್ಲ. ‘ಸ್ಟೆಮ್ ಸೆಲ್ ಪ್ರಯೋಗ, ನಿಮಗೆ ಅವಕಾಶ ಸಿಕ್ಕಿದ್ದೇ ಅದೃಷ್ಟ’ ಎಂದರು. ಇಂಗ್ಲಿಷಿನಲ್ಲಿ ಏಳು ಪುಟ, ಏಳರಲ್ಲೂ ಸಹಿ. ತಿಂಗಳ ಮೇಲೆ ತಂಗಿಯ ಮಗಳು ಓದಿ ಹೇಳಿದಳು, ಫಲಿತಾಂಶಕ್ಕೆ ನಾವು ಹೊಣೆಯಲ್ಲ ಅಂತ ನಾಲ್ಕು ಕಡೆ ಇದೆಯಂತೆ. ಕೂದಲು? ಅಡಿಕೆ ಸೋಗೆ ಬಿದ್ದ ಹಾಗೆ ಬಿತ್ತು.

ಕುಂಬಳೆ_ಮೆಡಿಕಲ್:
ಮುಳ್ಳೇರಿಯದವರೇ, ನಿಮಗೆ ಮೋಸ ಆಗಿದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಇಂಥ ಸ್ಟೆಮ್ ಸೆಲ್ ಕೆಲಸ ಅನುಮತಿ ಇರುವ ಪರೀಕ್ಷೆಯೊಳಗೆ ಮಾತ್ರ ನಡೆಯಬೇಕು, ಅದಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ನಿಜವಾದ ಪರೀಕ್ಷೆಗೆ, ದೇಶದ ವೈದ್ಯಕೀಯ ಪರೀಕ್ಷೆಗಳ ದಾಖಲೆ ಪಟ್ಟಿಯಾದ ಸಿಟಿಆರ್‌ಐ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಕೇಳಬೇಕಿತ್ತು. ಸಹಿ ಹಾಕುವ ಕಾಗದವೂ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು.

ಮುಳ್ಳೇರಿಯ_ಕೃಷಿ:
ಹೋದ ಮೇಲೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಅಂಗಡಿಯಲ್ಲೂ ಬಯೋಟಿನ್ ಮಾತ್ರೆ ಮಾರುತ್ತೀರಲ್ಲ, ಬೋಳಿಗೆ ಅದರಿಂದ ಎಷ್ಟು ಬಂತು?

ಮಂಜೇಶ್ವರ_ಮಾಸ್ತರ್:
ಅರ್ಥವಾಗುವ ಭಾಷೆಯಂತೆ! ನಮ್ಮ ಕಾಸರಗೋಡಿನಲ್ಲಿ ಮಾಮೂಲಿ ಅರ್ಜಿ ಫಾರ್ಮೇ ಮಲಯಾಳದಲ್ಲಿ ಕೊಡುತ್ತಾರೆ. ಮೊನ್ನೆ ಕನ್ನಡ ಫಾರ್ಮು ಕೇಳಿದ್ದಕ್ಕೆ ‘ತೀರ್ನು ಪೋಯಿ’, ಮುಗಿದಿದೆ ಎಂದರು.

ನೀರ್ಚಾಲು_ಬೈಕ್:
ಇದಕ್ಕೂ ಕೂದಲಿಗೂ ಎಂತ ಸಂಬಂಧ ಮಾಸ್ತ್ರೇ? ನನ್ನ ಪ್ರಕಾರ ನಮ್ಮ ಕಡೆಯ ನೀರೇ ಕಾರಣ. ಎಂಡೋಸಲ್ಫಾನ್ ಸುರಿದ ಮಣ್ಣು, 25ಕ್ಕೇ ಎಲ್ಲರ ತಲೆ ಬೋಳಾಗುತ್ತಿದೆ.

ಎಣ್ಮಕಜೆ_ತಂಗಿ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಆ ಹೆಸರನ್ನು ಇದಕ್ಕೆ ತರಬೇಡಿ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಸುರಿದ ವಿಷ ಏನು ಮಾಡಿತು ಅಂತ ನಮ್ಮ ಮನೆಗೆ ಬಂದು ನೋಡಿ. ನನ್ನ ಅಣ್ಣನಿಗೆ 34 ವರ್ಷ. ಇವತ್ತಿನವರೆಗೆ ಎದ್ದು ಕೂತಿಲ್ಲ. ಅವನ ತಲೆತುಂಬ ಕೂದಲಿದೆ, ದಪ್ಪ, ಕಪ್ಪು. ತಿಂಗಳಿಗೊಮ್ಮೆ ನಾನೇ ಕತ್ತರಿಸುತ್ತೇನೆ. ಅಮ್ಮ ತಲೆ ಎತ್ತಿ ಹಿಡಿದುಕೊಳ್ಳುತ್ತಾರೆ.

ನೀರ್ಚಾಲು_ಬೈಕ್:
ತಪ್ಪಾಯಿತು ಅಕ್ಕ. ಯೋಚನೆ ಮಾಡದೆ ಬರೆದೆ.

ಪತ್ತನಾಜೆ_ವೇಷ:
ಬದಿಯಡ್ಕದವರಿಗೆ ನನ್ನದೊಂದು ಮಾತು. ಹಚ್ಚುತ್ತಿರುವ ಮಿನಾಕ್ಸಿಡಿಲ್ ಬಿಡಬೇಡಿ. ನಾನು ಹವ್ಯಾಸಿ ಯಕ್ಷಗಾನ ವೇಷಧಾರಿ, ಒಂದು ವರ್ಷ ಮೇಳದ ತಿರುಗಾಟಕ್ಕೂ ಹೋಗಿದ್ದೆ. ರಾತ್ರಿ ಹಚ್ಚಿದರೆ ಬೆವರಿಗೆ ಕಣ್ಣಿಗೆ ಇಳಿಯುತ್ತದೆ, ಕಿರೀಟ ಬೇರೆ ಬಿಗಿಯಬೇಕು. ಹಾಗಾಗಿ ದೀಪಾವಳಿಯಿಂದ ಪತ್ತನಾಜೆವರೆಗೆ (ಮೇ ಕೊನೆಗೆ ತಿರುಗಾಟ ಮುಗಿಯುವ ದಿನ) ನಿಲ್ಲಿಸಿದೆ. ಎರಡು ವರ್ಷ ಕಷ್ಟಪಟ್ಟು ಬೆಳೆಸಿದ್ದು ನಾಲ್ಕು ತಿಂಗಳಲ್ಲಿ ಹೋಯಿತು. ಚೌಕಿಯಲ್ಲಿ ಕಿರೀಟ ಬಿಚ್ಚುವಾಗ ಬಟ್ಟೆಯ ಒಳಗೆ ಮುಷ್ಟಿ ಕೂದಲು. ಮತ್ತೆ ಶುರು ಮಾಡಿದರೂ ಮೊದಲಿನಷ್ಟು ಬರಲಿಲ್ಲ. ಫಿನಾಸ್ಟರೈಡ್ ಐದು ವರ್ಷದಿಂದ ತಿನ್ನುತ್ತಿದ್ದೇನೆ, ಡಾಕ್ಟರ ಚೀಟಿಯ ಮೇಲೆ. ಆಮೇಲೆ ಇಬ್ಬರು ಮಕ್ಕಳಾದರು.

ಉಪ್ಪಳ_ಶಾರ್ಜಾ:
ನಿಮಗೆ ಸರಿ ಹೋಯಿತು ಅಂತ ಎಲ್ಲರಿಗೂ ಹೋಗುವುದಿಲ್ಲ. ನಾನು ಫಿನಾಸ್ಟರೈಡ್ ಮೂರು ತಿಂಗಳಲ್ಲಿ ಬಿಟ್ಟೆ. ಕಾರಣ ಇಲ್ಲಿ ಬರೆಯಲಾಗುವುದಿಲ್ಲ.

ಕುಂಬಳೆ_ಮೆಡಿಕಲ್:
ಇಬ್ಬರೂ ನಿಜವನ್ನೇ ಹೇಳುತ್ತಿದ್ದೀರಿ. ಆ ಮಾತ್ರೆಯ ಡಬ್ಬಿಯೊಳಗಿನ ಚೀಟಿಯಲ್ಲಿ, ಲೈಂಗಿಕ ಆಸಕ್ತಿ ಕುಗ್ಗಿದ್ದು ಮಾತ್ರೆ ತಿಂದವರಲ್ಲಿ 1.8%, ಖಾಲಿ ಮಾತ್ರೆ ತಿಂದವರಲ್ಲಿ 1.3% ಎಂದಿದೆ. ಅಂಥದ್ದು ಕಮ್ಮಿ, ಇಲ್ಲವೇ ಇಲ್ಲ ಅಂತಲ್ಲ. ಹಾಗೇನಾದರೂ ಆದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ಇನ್ನೊಂದು, ಮನೆಯಲ್ಲಿ ಬೆಕ್ಕು ಇದ್ದರೆ ಮಿನಾಕ್ಸಿಡಿಲ್ ಜಾಗ್ರತೆ. ಬೆಕ್ಕಿಗೆ ಅದು ವಿಷ. ದಿಂಬು ನೆಕ್ಕಿದರೂ ತೊಂದರೆಯಾಗಬಹುದು.

ಬದಿಯಡ್ಕ_27:
ಎಲ್ಲರಿಗೂ ಥ್ಯಾಂಕ್ಸ್. ಆದರೆ ನಾನು ಕೇಳಿದ್ದಕ್ಕೆ ಒಬ್ಬರೇ ಉತ್ತರ ಕೊಟ್ಟದ್ದು. ಆ ಟೆಲಿಗ್ರಾಂನವನ ಹತ್ತಿರ ಪರೀಕ್ಷಾ ವರದಿ ಕೇಳಿದೆ. ಬೆಲೆ 14,000ಕ್ಕೆ ಇಳಿಸಿದ, ವರದಿ ಕಳಿಸಲಿಲ್ಲ. ತಕ್ಕಡಿ ಅಣ್ಣಾ, ನಿಮ್ಮ ಕಿವಿಯ ಗುಳ್ಳೆ ಎಷ್ಟು ದಿನಕ್ಕೆ ಹೋಯಿತು?

ಭಾವನ_ತಕ್ಕಡಿ:
ಮೂರು ವಾರ. ಕಲೆ ಇನ್ನೂ ಇದೆ. ಕುಂಬಳೆಯವರೇ, ಬೆಕ್ಕಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ನಮ್ಮ ಬೆಕ್ಕು ದಿನಾ ನನ್ನ ದಿಂಬಿನ ಮೇಲೆಯೇ ಮಲಗುತ್ತಿತ್ತು.

ಮುಳ್ಳೇರಿಯ_ಕೃಷಿ:
ಅಯ್ಯೋ. ಏನಾಯಿತು ಅದಕ್ಕೆ?

ಭಾವನ_ತಕ್ಕಡಿ:
ಏನೂ ಆಗಿಲ್ಲ. ಮದ್ದಿನ ವಾಸನೆ ತಡೆಯಲಾರದೆ ಪಕ್ಕದ ಮನೆಗೆ ಹೋಯಿತು. ಅಲ್ಲೇ ಇದೆ, ಕರೆದರೂ ಬರುವುದಿಲ್ಲ.