ದಸರಾ ರಜೆಗೆ ಮಡಿಕೇರಿ, ಅತ್ತೆ ಮತ್ತೆ ಇಬ್ರು ಮಕ್ಕಳ ಜೊತೆ ಎರಡು ದಿನ ಸಾಕಾ?

ಮೈಸೂರಿನವಳು:
ಎಲ್ರಿಗೂ ನಮಸ್ಕಾರ. ಮಕ್ಕಳು (9 ಮತ್ತೆ 5) ರಜೆಗೆ ಎಲ್ಲಾದ್ರೂ ಕರ್ಕೊಂಡ್ ಹೋಗಿ ಅಂತ ಪ್ರಾಣ ತಿಂತಿದಾರೆ, ಇಲ್ಲೇ ಇದ್ಕೊಂಡು ಜಂಬೂಸವಾರಿ ನೋಡಿ ನೋಡಿ ಸಾಕಾಗಿದೆ ಅದಕ್ಕೆ ಈ ಸಲ ಮಡಿಕೇರಿ ಅಂದ್ಕೊಂಡಿದೀವಿ. ಜೊತೆಗೆ ನಮ್ಮತ್ತೆ, 70 ವರ್ಷ, ಮಂಡಿ ನೋವು. ನಮ್ಮನೆಯವ್ರು ಮಾಡಿರೋ ಲಿಸ್ಟಲ್ಲಿ ದುಬಾರೆ ಆನೆ ಕ್ಯಾಂಪ್, ಅಬ್ಬಿ ಫಾಲ್ಸ್, ಮಾಂದಲಪಟ್ಟಿ ಬೆಟ್ಟ, ತಲಕಾವೇರಿ ಎಲ್ಲಾ ಇದೆ, ಎರಡೇ ದಿನಕ್ಕೆ. ಆಗುತ್ತಾ?

ತೋಟದ ಹುಡುಗ:
ಆಗುತ್ತೆ ಅಕ್ಕ, ಕಾರ್ ಕಿಟಕಿಯಿಂದ ನೋಡೋದಾದ್ರೆ 😄
ತಲಕಾವೇರಿಗೆ ಹೋಗಿ ಬರೋದ್ರಲ್ಲೇ ಒಂದು ದಿನ ಹೋಯ್ತು. ಮಾಂದಲಪಟ್ಟಿ ಜೀಪಲ್ಲಿ ಎಗರಿಸ್ಕೊಂಡು ಹೋಗೋದು ಅಜ್ಜಿಗೆ ಬೇಡವೇ ಬೇಡ. ಅಬ್ಬಿ ಫಾಲ್ಸಲ್ಲಿ ಇಳಿಯೋದು ಸುಲಭ, ವಾಪಸ್ ಮೆಟ್ಟಿಲು ಹತ್ತುವಾಗ ಮಂಡಿ ಮಾತಾಡುತ್ತೆ.
ಹೊರಗಿಂದ ಬರೋರು ಊರನ್ನೇ ನೋಡಲ್ಲ, ಅದೇ ಬೇಜಾರು. ಕೋಟೆಗೆ ಹೋಗಿ. ಮೊದಲು ಕೊಡಗಿನ ರಾಜ ಮುದ್ದುರಾಜ ಮಣ್ಣಲ್ಲಿ ಕಟ್ಟಿಸಿದ್ದು, ಆಮೇಲೆ ಟಿಪ್ಪು ಕಲ್ಲಲ್ಲಿ ಕಟ್ಟಿಸ್ದ, ಒಳಗಿರೋ ಅರಮನೆ ಆಮೇಲಿನ ರಾಜ ಲಿಂಗರಾಜೇಂದ್ರಂದು, 1812-14ರದ್ದು. ಅಲ್ಲಿ ಗಾರೆಯ ಎರಡು ಆನೆ ನಿಂತಿವೆ, ನಿಜವಾದ ಆನೆಯಷ್ಟೇ ದೊಡ್ಡವು, ಮಕ್ಕಳು ಅಲ್ಲಿಂದ ಅಲ್ಲಾಡಲ್ಲ. ಹಳೇ ಚರ್ಚೊಂದಿದೆ, ಈಗ ಅದೇ ಮ್ಯೂಸಿಯಂ. ಓಂಕಾರೇಶ್ವರ ದೇವಸ್ಥಾನನೂ ಲಿಂಗರಾಜೇಂದ್ರನೇ 1820ರಲ್ಲಿ ಕಟ್ಟಿಸಿದ್ದು, ಮೇಲೆ ಗುಮ್ಮಟ ನೋಡಿ ಕೆಲವ್ರು ಮಸೀದಿ ಅಂದ್ಕೋತಾರೆ. ಕೊಳದಲ್ಲಿ ಮೀನಿದಾವೆ, ಅಜ್ಜಿ ಕೂತ್ಕೊಂಡು ನೋಡ್ಬೋದು. ಸಂಜೆ ಸೂರ್ಯಾಸ್ತ ನೋಡೋಕೆ ರಾಜಾಸೀಟ್ ಪಾರ್ಕ್, ಅಷ್ಟೇ.

ಎರಡು ಮಕ್ಕಳ ಅಪ್ಪ:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ದುಬಾರೆ ಬಿಡ್ಬೇಡಿ ಮೇಡಂ, ಕುಶಾಲನಗರದ ಹತ್ರ, ಮೇನ್ ರೋಡಿಂದ ಸ್ವಲ್ಪ ಒಳಗೆ ಹೋಗ್ಬೇಕು. ಹೊಳೆ ದಾಟೋದಕ್ಕೆ ಬೋಟ್, ನೀರು ಜಾಸ್ತಿ ಇದ್ರೆ ನಿಲ್ಸಿರ್ತಾರೆ, ಹೊರಡೋ ಮುಂಚೆ ವಿಚಾರಿಸ್ಕೊಳಿ. ಇಲ್ಲಾಂದ್ರೆ ಬೈಲಕುಪ್ಪೆ ಗೋಲ್ಡನ್ ಟೆಂಪಲ್, ಟಿಬೆಟಿಯನ್ನರ ಬೌದ್ಧ ಮಂದಿರ. ಇನ್ನೊಂದು, ಕುಶಾಲನಗರ ದಾಟಿದ್ಮೇಲೆ ತಿರುವು ಶುರು, ನಮ್ಮ ಚಿಕ್ಕೋನು ತಿಂಡಿ ತಿಂದಿದ್ದೆಲ್ಲಾ ಸೀಟ್ ಮೇಲೆ ವಾಂತಿ ಮಾಡ್ದ, ವಾಂತಿಗೆ ಕವರ್ ಇಟ್ಕೊಳಿ ಅಂತ ಹೇಳೋಕೆ ನನಗ್ಯಾರೂ ಇರ್ಲಿಲ್ಲ.

ತೋಟದ ಹುಡುಗ:
ಅಕ್ಕ ವಿಜಯದಶಮಿ ದಿನಾನೇ ಬರ್ತೀರಾ? ಹಾಗಾದ್ರೆ ರೂಮ್ ಇವತ್ತೇ ಬುಕ್ ಮಾಡಿ. ಮೈಸೂರಲ್ಲಿ ಸವಾರಿ ಮುಗಿದ ರಾತ್ರಿ ಇಲ್ಲಿ ಶುರು, ಹತ್ತು ದೇವಸ್ಥಾನದ ಮಂಟಪ (ದೇವರ ಸ್ತಬ್ಧಚಿತ್ರಗಳ ಮೆರವಣಿಗೆ), ಡಿಜೆ, ಲೈಟು, ಬೆಳಗಿನ ಜಾವದವರೆಗೂ ಜನವೋ ಜನ. ನಮಗೆ ಅದೇ ಹಬ್ಬ, ಆದ್ರೆ 5 ವರ್ಷದ ಮಗುಗೆ ನಿದ್ದೆ ಇರಲ್ಲ.

ಮೈಸೂರಿನವಳು:
ಥ್ಯಾಂಕ್ಸ್ ತಮ್ಮ, ಥ್ಯಾಂಕ್ಸ್ ಸರ್. ತಲಕಾವೇರಿ, ಮಾಂದಲಪಟ್ಟಿ ಎರಡೂ ಹೊಡೆದು ಹಾಕ್ದೆ, ನಮ್ಮನೆಯವ್ರು ಮುಖ ಊದಿಸ್ಕೊಂಡಿದಾರೆ. ಅತ್ತೆ ಮಾತ್ರ ತಲಕಾವೇರಿ ತೀರ್ಥ ಬೇಕೇ ಬೇಕು ಅಂತಿದಾರೆ, ಅದಕ್ಕೆ ಏನ್ ಮಾಡ್ಲಿ?

ತೋಟದ ಹುಡುಗ:
ಹಾಗಾದ್ರೆ ಮೂರು ದಿನ ಮಾಡಿ 🙏