ಝೂಗೆ ಮಾನ್ಯತೆ ಕೊಡುವವರು ಯಾರು, ಏನು ನೋಡಿ ಕೊಡುತ್ತಾರೆ?

ಪ್ರಶ್ನೆ (ಶಾಲಾ ಶಿಕ್ಷಕಿ, ಬೆಳಗಾವಿ):
ನಮಸ್ಕಾರ ಡಾಕ್ಟರ್ ಸಾಹೇಬ್ರೆ. ಏಳನೇ ತರಗತಿ ಮಕ್ಕಳನ್ನು ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಅಮೆರಿಕದಲ್ಲಿರುವ ನನ್ನ ತಮ್ಮ, ಅಲ್ಲಿ ಝೂಗಳಿಗೆ ಒಂದು ಸಂಘ ಮಾನ್ಯತೆ ಕೊಡುತ್ತದೆ ಅಂತಾನೆ. ನಮ್ಮಲ್ಲೂ ಹಾಗೇನಾ?

ಉತ್ತರ (ವನ್ಯಜೀವಿ ಪಶುವೈದ್ಯ):
ನಮಸ್ಕಾರ ಅಕ್ಕೋರೆ. ನಮ್ಮಲ್ಲಿ ಅದು ಸರ್ಕಾರದ ಕೆಲಸ. 1992ರಿಂದ ಕೇಂದ್ರ ಮೃಗಾಲಯ ಪ್ರಾಧಿಕಾರ ಇದೆ. ಅದರ ಮಾನ್ಯತೆ ಇಲ್ಲದೆ ದೇಶದಲ್ಲಿ ಯಾರೂ ಝೂ ನಡೆಸುವ ಹಾಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಹೀಗಿದೆ. ವಾರಕ್ಕೊಂದು ದಿನ ಝೂಗೆ ರಜೆ ಕೊಡುವುದೂ ನಿಯಮವೇ. ಪ್ರಾಣಿಗಳಿಗೂ ಜನರ ಗದ್ದಲದಿಂದ ಬಿಡುವು ಬೇಕಲ್ವಾ?

ನಿಮ್ಮ ತಮ್ಮ ಹೇಳುವುದು ಎಝಡ್‌ಎ ಬಗ್ಗೆ. 1924ರಲ್ಲಿ ಶುರುವಾದ ಝೂ ಮತ್ತು ಅಕ್ವೇರಿಯಂಗಳ ಸಂಘ ಅದು. ಅಲ್ಲಿ ಸರ್ಕಾರದ ಲೈಸೆನ್ಸ್ ಬೇರೆ, ಈ ಮಾನ್ಯತೆ ಬೇರೆ. ಲೈಸೆನ್ಸ್ ಇದ್ದವರಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ ಕಡೆ ಮಾತ್ರ ಈ ಮಾನ್ಯತೆ ಇದೆ. ಯಾರ ಒತ್ತಾಯವೂ ಇಲ್ಲ, ಝೂನವರೇ ಮುಂದೆ ಬಂದು ಅರ್ಜಿ ಹಾಕಬೇಕು.

ಪ್ರಶ್ನೆ (ಪದವಿ ವಿದ್ಯಾರ್ಥಿ, ಬಾಗಲಕೋಟೆ):
ಸರ್, ಆ ಅಮೆರಿಕದ ಸಂಘದಿಂದ ತಪಾಸಣೆಗೆ ಬಂದವರು ಏನೇನು ನೋಡ್ತಾರೆ? ಬೋನು ಚೊಕ್ಕಟ ಇದ್ರೆ ಸಾಕಾ?

ಉತ್ತರ:
ಇಲ್ಲ ತಮ್ಮಾ, ಜನ ನಿಂತು ನೋಡುವ ಜಾಗ ಅದರಲ್ಲಿ ಸಣ್ಣ ಭಾಗ. ಮೊದಲು ಕಾಗದಪತ್ರ: ಪ್ರತಿ ಪ್ರಾಣಿಯ ದಾಖಲೆ, ಹಣಕಾಸು, ಸುರಕ್ಷತೆ, ಎಲ್ಲ ಬರೆದು ಕಳಿಸಬೇಕು. ಆಮೇಲೆ ಬೇರೆ ಝೂಗಳ ಅನುಭವಸ್ಥರು ಬರುತ್ತಾರೆ, ಅವರಲ್ಲಿ ಪಶುವೈದ್ಯರೂ ಇರುತ್ತಾರೆ. ಇದೇ ಕೆಲಸದಲ್ಲಿ ಪಳಗಿದವರ ಕಣ್ಣಿಗೆ ಮಣ್ಣೆರಚುವುದು ಕಷ್ಟ.

ಅವರು ಹಿಂಬಾಗಿಲಿನಿಂದ ನೋಡುತ್ತಾರೆ. ಸಿಂಹ ರಾತ್ರಿ ಮಲಗುವ ಕೋಣೆಗೆ ಎರಡು ಬಾಗಿಲು ಇರಬೇಕು, ಒಂದು ಭದ್ರವಾಗದೆ ಇನ್ನೊಂದು ತೆಗೆಯಬಾರದು. ಮಾಂಸ ಎಲ್ಲಿ ಕತ್ತರಿಸುತ್ತಾರೆ, ಫ್ರೀಜರ್ ಎಷ್ಟು ತಣ್ಣಗಿದೆ? ಹೊಸದಾಗಿ ಬಂದ ಜಿಂಕೆಯನ್ನು ಹಿಂಡಿಗೆ ಬಿಡುವ ಮುಂಚೆ ಬೇರೆ ಕಡೆ ಇಟ್ಟಿದ್ದರಾ? ಸತ್ತ ಪ್ರಾಣಿಯ ಮರಣೋತ್ತರ ಪರೀಕ್ಷೆಯ ವರದಿ ಎಲ್ಲಿ? ನನ್ನ ಪ್ರಕಾರ ಝೂನ ನಿಜವಾದ ಮುಖ ಆ ವರದಿಗಳ ಫೈಲಿನಲ್ಲಿದೆ. ಅಕ್ವೇರಿಯಂ ಆದರೆ ಗಾಜಿನ ಹಿಂದಿನ ಪಂಪು, ಫಿಲ್ಟರು, ನೀರಿನ ಪರೀಕ್ಷೆಯ ರಿಜಿಸ್ಟರು. ಪ್ರಾಣಿ ತಪ್ಪಿಸಿಕೊಂಡರೆ ಏನು ಮಾಡಬೇಕು ಅಂತ ವರ್ಷಕ್ಕೊಮ್ಮೆಯಾದರೂ ಅಣಕು ತಾಲೀಮು ನಡೆಸಿರಬೇಕು.

ಕೊನೆಗೆ ಮುಖ್ಯಸ್ಥರು ಸಂಘದ ಆಯೋಗದ ಮುಂದೆ ಕುಳಿತು ಉತ್ತರ ಕೊಡಬೇಕು. ಮಾನ್ಯತೆ ಸಿಗಬಹುದು, ಒಂದು ವರ್ಷ ಮುಂದೆ ಹೋಗಬಹುದು, ಇಲ್ಲವೇ ತಿರಸ್ಕಾರ. ಸಿಕ್ಕರೂ ಐದು ವರ್ಷಕ್ಕೆ ಮತ್ತೆ ಮೊದಲಿಂದ.

ಪ್ರಶ್ನೆ (ಅದೇ ಶಿಕ್ಷಕಿ):
ಇಷ್ಟೆಲ್ಲ ಕಷ್ಟ ಯಾಕೆ ಪಡ್ತಾರೆ ಸಾಹೇಬ್ರೆ?

ಉತ್ತರ:
ಹೆಸರಿಗಾಗಿ ಅಷ್ಟೇ ಅಲ್ಲ. ಆ ಸಂಘ 1981ರಿಂದ ಅಪರೂಪದ ಪ್ರಾಣಿಗಳ ವಂಶ ಉಳಿಸುವ ಯೋಜನೆ ನಡೆಸುತ್ತಿದೆ. ಯಾವ ಗಂಡನ್ನು ಯಾವ ಹೆಣ್ಣಿನ ಜೊತೆ ಬಿಡಬೇಕು ಅಂತ ವಂಶಾವಳಿ ನೋಡಿ ನಿರ್ಧರಿಸುತ್ತಾರೆ, ಒಂದೇ ರಕ್ತ ಬೆರೆಯಬಾರದು. ನಂಬಿಕಸ್ಥ ಝೂಗಳ ನಡುವೆ ಮಾತ್ರ ಇಂಥ ಕೊಡುಕೊಳ್ಳುವಿಕೆ ಸಾಧ್ಯ.

ಅಕ್ಕೋರೆ, ಹೊರಡುವ ಮುಂಚೆ ಮಕ್ಕಳಿಗೆ ಒಂದು ಮಾತು ಹೇಳಿ. ಪ್ರಾಣಿಗಳನ್ನು ಕೆಣಕುವುದು, ತಿನ್ನಲು ಎಸೆಯುವುದು, ಕಿರುಚಿ ಹೆದರಿಸುವುದು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಚಿಪ್ಸ್ ಪೊಟ್ಟಣಗಳನ್ನು ಬಸ್ಸಲ್ಲೇ ಇಡಿಸಿಬಿಡಿ.